ಬದಿಗೆ ಇಳಿಯುವ ಪಾಠ

ನಾನು ಒಂದು ಸಣ್ಣ ಕಾರು. ಬಣ್ಣ ಬಿಳಿ ಎಂದು ನನ್ನ ಕಾಗದಪತ್ರದಲ್ಲಿ ಬರೆದಿದೆ, ಈಗ ನನ್ನನ್ನು ನೋಡಿದವರು ಅದನ್ನು ನಂಬುವುದು ಕಷ್ಟ. ಹುಟ್ಟಿದ್ದು ದೂರದ ಉತ್ತರದ ಒಂದು ಕಾರ್ಖಾನೆಯಲ್ಲಿ. ಹುಟ್ಟಿದ್ದು ಎನ್ನುವುದು ದೊಡ್ಡ ಮಾತಾಯಿತು. ತಗಡು ಬಾಗಿಸಿದರು, ಗಾಜು ಕೂರಿಸಿದರು, ಬಣ್ಣ ಹೊಡೆದರು, ಹೊರಗೆ ದೂಡಿದರು. ನನ್ನ ಎಂಜಿನ್ ಮೊದಲ ಸಲ ಉಸಿರೆಳೆದಾಗ ಪಕ್ಕದಲ್ಲಿ ನಿಂತಿದ್ದ ಕೆಲಸಗಾರ ಆಕಳಿಸುತ್ತಿದ್ದ. ಆ ಆಕಳಿಕೆ ನನಗೂ ಅಂಟಿಕೊಂಡಿರಬೇಕು, ಆಯುಷ್ಯವಿಡೀ ದಣಿವು ನನ್ನನ್ನು ಬಿಟ್ಟದ್ದೇ ಇಲ್ಲ.

ಉದ್ದನೆಯ ಲಾರಿಯ ಮೇಲೆ ಏಳು ಮಂದಿ ಒಡಹುಟ್ಟಿದವರ ಜೊತೆ ಮಂಗಳೂರಿಗೆ ಬಂದೆ. ಅಲ್ಲಿಂದ ನನ್ನನ್ನು ಮೂಡುಬಿದಿರೆಗೆ ಕರೆದುಕೊಂಡು ಹೋದವರು ಪದ್ಮನಾಭ ಶೆಟ್ಟಿಗಾರರು. ಪೇಟೆಯಲ್ಲಿ ಅವರದೊಂದು ಜವಳಿ ಅಂಗಡಿ ಇತ್ತು. ಮಾತು ಮೆಲ್ಲಗೆ, ಸ್ವಭಾವ ಅದಕ್ಕಿಂತ ಮೆಲ್ಲಗೆ. ಸೀರೆಯ ಮಡಿಕೆ ಬಿಚ್ಚುವ ಹಾಗೆ ನನ್ನ ಬಾಗಿಲು ತೆರೆಯುತ್ತಿದ್ದರು. ಆದರೆ ಅವರಿಗೆ ಕಾರು ಬಿಡಲು ಬರುತ್ತಿರಲಿಲ್ಲ. ಹಾಗಾಗಿ ಡ್ರೈವಿಂಗ್ ಸ್ಕೂಲಿನ ವಾಲ್ಟರ್ ಸಿಕ್ವೇರಾ ಅವರನ್ನು ಮನೆಗೆ ಕರೆಸಿ, ನನ್ನಲ್ಲೇ ಕಲಿಯತೊಡಗಿದರು. ವಾಲ್ಟರ್ ಎಂದರೆ ಆ ಕಡೆ ಎಲ್ಲರಿಗೂ ವಾಲ್ಟರ್ ಮಾಸ್ಟ್ರು. ಊರಿನಲ್ಲಿ ಕಾರು ಬಿಡಬಲ್ಲವರಲ್ಲಿ ಅರ್ಧಕ್ಕರ್ಧ ಮಂದಿ ಅವರ ಕೈಯಲ್ಲಿ ಬೈಸಿಕೊಂಡವರೇ.

ವಾಲ್ಟರ್ ಮಾಸ್ಟ್ರ ಮೊದಲ ಪಾಠ ಕ್ಲಚ್ಚಿನದಲ್ಲ, ಗೇರಿನದೂ ಅಲ್ಲ.

"ಶೆಟ್ಟಿಗಾರ್ರೇ, ಅದೆಲ್ಲ ಒಂದು ವಾರದಲ್ಲಿ ಬರ್ತದೆ. ಮೊದಲು ಇದನ್ನು ಕಲೀರಿ. ಎದುರಿಂದ ದೊಡ್ಡದು ಬಂತಾ, ನೀವು ಡಾಮರು ಬಿಟ್ಟು ಮಣ್ಣಿಗೆ ಇಳಿಸ್ಬೇಕು. ಯಾರದ್ದು ತಪ್ಪು, ಯಾರದ್ದು ಸರಿ ಅಂತ ನೋಡ್ಲಿಕ್ಕೆ ಹೋಗ್ಬೇಡಿ. ಅವ ನಿಲ್ಲಿಸುವುದಿಲ್ಲ. ನಿಮಗೆ ಮನೆಗೆ ಹೋಗ್ಲಿಕ್ಕೆ ಉಂಟಲ್ಲ?"

ಶೆಟ್ಟಿಗಾರರು ತಲೆಯಾಡಿಸಿದರು. ಆ ಪಾಠವನ್ನು ಅವರು ಎಷ್ಟು ಚೆನ್ನಾಗಿ ಕಲಿತರೆಂದರೆ, ನಾಲ್ಕು ವರ್ಷ ನಾನು ಡಾಮರಿನ ಮೇಲೆ ಇದ್ದದ್ದಕ್ಕಿಂತ ಮಣ್ಣಿನಲ್ಲಿ ಇದ್ದದ್ದೇ ಹೆಚ್ಚೋ ಏನೋ. ಸಮಯ ಹಿಡಿಯಲು ಓಡುವ ಬಸ್ಸು ಬಂದರೆ ಇಳಿ. ಕೆಂಪುಕಲ್ಲು ತುಂಬಿದ ಲಾರಿ ಬಂದರೆ ಇಳಿ. ಯಾರದೋ ಮದುವೆಗೆ ಹೊರಟ ಎತ್ತರದ ಕಾರುಗಳ ಸಾಲು ಬಂದರೆ ಇಳಿದು, ಕೊನೆಯದು ದಾಟುವವರೆಗೆ ಕಾಯಿ. ಡಾಮರಿನ ಅಂಚು ಗೇಣುದ್ದ ಎತ್ತರ ಇರುವಲ್ಲಿ ನನ್ನ ಹೊಟ್ಟೆ ಕೆರೆದು ಹೋಗುತ್ತಿತ್ತು. ಹಿಂದೆ ಕುಳಿತ ಶೆಟ್ಟಿಗಾರರ ಹೆಂಡತಿ ಪ್ರತಿ ಸಲವೂ ಎದುರಿನ ಸೀಟನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು.

"ನಿಮ್ಮದು ಕಾರಾ ಎಮ್ಮೆಯಾ? ದಿನಾ ಕೆಸರಲ್ಲಿ ಹೊರಳಿಸಿಕೊಂಡು ಬರ್ತೀರಲ್ಲ," ಎಂದು ಒಂದು ದಿನ ಅವರು ರೇಗಿದರು. ಶೆಟ್ಟಿಗಾರರು ನಕ್ಕರು. ಆದರೆ ಆ ಸಂಜೆ ನನ್ನನ್ನು ತೊಳೆಯುವಾಗ ಅವರ ಕೈ ಒರಟಾಗಿತ್ತು.

ಇನ್ನೊಂದು ದಿನ ಕಲ್ಯಾಣಮಂಟಪದ ಗೇಟಿನಲ್ಲಿ ಸೀಟಿ ಊದುವವನು ಎತ್ತರದ ಕಾರುಗಳನ್ನೆಲ್ಲ ಎದುರಿನ ನೆರಳಿಗೆ ಕಳಿಸಿ, ನಮ್ಮನ್ನು ಅಡುಗೆಶಾಲೆಯ ಹಿಂದೆ, ಎಂಜಲೆಲೆ ಎಸೆಯುವ ಜಾಗಕ್ಕೆ ತೋರಿಸಿದ. ಶೆಟ್ಟಿಗಾರರು ವರನ ಸೋದರಮಾವ. ಆದರೂ ನನ್ನ ಬಾಗಿಲು ಹಾಕಿ, ಧೋತರ ಎತ್ತಿ ಹಿಡಿದು, ಎಲೆಗಳ ನಡುವೆ ಕಾಲಿಡುತ್ತ ಹೋದರು. ಮೂರು ತಿಂಗಳಲ್ಲಿ ಅವರ ಅಂಗಳಕ್ಕೆ ಎದೆಯೆತ್ತರದ ಮೂತಿಯ ಕರಿ ಕಾರೊಂದು ಬಂತು. ನನ್ನನ್ನು ಬೀಳ್ಕೊಡುವಾಗ ಅವರು ಬಾನೆಟ್ಟಿನ ಮೇಲೆ ಕೈಯಿಟ್ಟು, "ನಿನ್ನ ತಪ್ಪಿಲ್ಲ ಮಾರಾಯ," ಎಂದರು. ಒಳ್ಳೆಯ ಮನುಷ್ಯ. ಒಳ್ಳೆಯ ಮನುಷ್ಯರೇ ಬಿಟ್ಟುಹೋದರೆ ಬೈಯುವುದಕ್ಕೂ ಆಗುವುದಿಲ್ಲ.

ನನ್ನನ್ನು ಕೊಂಡವರು ವಾಲ್ಟರ್ ಮಾಸ್ಟ್ರೇ. ನೆತ್ತಿಯ ಮೇಲೆ ಬೋರ್ಡು ಏರಿತು, ಎದುರು ಹಿಂದೆ ಕೆಂಪು 'ಎಲ್' ಅಂಟಿತು. ಎಡಗಡೆ ಸೀಟಿನ ಎದುರು, ಕಲಿಸುವವರ ಕಾಲಿಗೆ ಸಿಗುವಂತೆ, ಇನ್ನೊಂದು ಕ್ಲಚ್ಚು, ಇನ್ನೊಂದು ಬ್ರೇಕು ಕೂರಿಸಿದರು. ಆಮೇಲೆ ಒಂಬತ್ತು ವರ್ಷ ನನ್ನ ಗೇರನ್ನು ಎಲ್ಲ ಬಗೆಯ ಕೈಗಳು ಕಿರುಗುಟ್ಟಿಸಿದವು. ಬೆವರಿದ ಕೈ, ಮೆಹಂದಿಯ ಕೈ, ಮೀನು ಕೊಯ್ದು ಬಂದ ಕೈ. ಎಲ್ಲರಿಗೂ ಮೊದಲ ಪಾಠ ಅದೇ. ದೊಡ್ಡದು ಬಂದರೆ ಇಳಿಸಿ.

ನನ್ನಲ್ಲಿ ಕಲಿತವರು ಸಣ್ಣ ಕಾರು ಕೊಂಡದ್ದನ್ನು ನಾನು ಕಂಡದ್ದು ಕಡಿಮೆ. ಮನೆಯಲ್ಲಿ ಇಬ್ಬರೇ ಇದ್ದವರೂ ಎತ್ತರದ್ದೇ ಕೊಂಡರು. ಹಲ್ಲಿನ ಡಾಕ್ಟರೊಬ್ಬರು ಒಂಟಿ ಜೀವ, ಅವರು ಏಳು ಸೀಟಿನದು ತೆಗೆದುಕೊಂಡರು.

"ಅಲ್ಲ ಡಾಕ್ಟ್ರೇ, ಅದರಲ್ಲಿ ಯಾರನ್ನು ಕೂರಿಸ್ತೀರಿ?" ಎಂದು ಮಾಸ್ಟ್ರು ಕೇಳಿದರು.

"ಯಾರನ್ನೂ ಇಲ್ಲ ಮಾಸ್ಟ್ರೇ. ಬಸ್ಸಿನವನಿಗೆ ನಾನು ಕಂಡ್ರೆ ಸಾಕು."

ಮಾಸ್ಟ್ರು ಇದನ್ನು ತಮಾಷೆಯಾಗಿ ಊರಿಡೀ ಹೇಳಿಕೊಂಡು ತಿರುಗಿದರು. ನನಗೆ ಮಾತ್ರ ನಗು ಬರಲಿಲ್ಲ. ಜನ ಶೋಕಿಗೆ ದೊಡ್ಡ ಕಾರು ಕೊಳ್ಳುತ್ತಾರೆ ಎನ್ನುತ್ತಾರೆ. ಶೋಕಿಯೂ ಇರಬಹುದು, ಅಡುಗೆಶಾಲೆಯ ಹಿಂದೆ ನಿಂತ ನನಗೆ ಅದು ಗೊತ್ತಿಲ್ಲದ್ದೇನಲ್ಲ. ಆದರೆ ಸ್ಟಿಯರಿಂಗಿನ ಮೇಲಿನ ಕೈ ಸುಳ್ಳು ಹೇಳುವುದಿಲ್ಲ. ಆ ಕೈಗಳಲ್ಲಿ ನಾನು ಹೆಚ್ಚಾಗಿ ಕಂಡದ್ದು ಹೆದರಿಕೆ.

ಗುಲಾಬಿ ಬಂದದ್ದು ನನಗೆ ಹದಿಮೂರು ವರ್ಷ ತುಂಬಿದ ಮೇಲೆ. ನಲವತ್ತರ ಹೆಂಗಸು, ಬ್ಲೌಸ್ ಹೊಲಿಯುವವಳು, ಗಂಡ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮಗಳು ಅನ್ವಿತಾಳಿಗೆ ಹನ್ನೆರಡು. ಹುಟ್ಟಿನಿಂದಲೇ ಕಾಲು ಸ್ವಾಧೀನದಲ್ಲಿಲ್ಲ, ಗಾಲಿಕುರ್ಚಿಯೇ ಗತಿ. ವಾರಕ್ಕೆ ಮೂರು ದಿನ ಹದಿನೆಂಟು ಕಿಲೋಮೀಟರ್ ದೂರದ ಆಸ್ಪತ್ರೆಯಲ್ಲಿ ಕಾಲಿಗೆ ವ್ಯಾಯಾಮ ಮಾಡಿಸಬೇಕು, ತಪ್ಪಿಸಿದರೆ ಮೊಣಕಾಲು ಮಡಿಸಿದಂತೆಯೇ ಗಟ್ಟಿಯಾಗಿಬಿಡುತ್ತದೆ ಎಂದು ಡಾಕ್ಟರು ಹೇಳಿದ್ದರು. ಬಸ್ಸಿನಲ್ಲಿ ಮಗಳನ್ನು ಎತ್ತಿ ಹತ್ತಿಸುವಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿಯಾಗಿರುತ್ತದೆ. ರಿಕ್ಷಾದವರು ಒಂದು ದಿನ ಬಂದರೆ ಎರಡು ದಿನ ಬಾರರು. ಮೂರು ದಿನ ಎರಡಾಗಿ, ಎರಡು ಒಂದಾಗಿತ್ತು. ಬಲ ಮೊಣಕಾಲು ಆಗಲೇ ಬಿಗಿಯತೊಡಗಿತ್ತು.

"ನಾನೇ ಕರ್ಕೊಂಡು ಹೋಗ್ಬೇಕು ಮಾಸ್ಟ್ರೇ. ಬೇರೆ ದಾರಿ ಇಲ್ಲ," ಎಂದಳು ಗುಲಾಬಿ, ಮೊದಲ ದಿನ.

ಎರಡನೇ ವಾರದಲ್ಲಿ ಅವಳೊಂದು ಪರೀಕ್ಷೆ ಮಾಡಿದಳು. ನನ್ನ ಹಿಂದಿನ ಬಾಗಿಲು ತೆರೆದು, ಗಾಲಿಕುರ್ಚಿಯನ್ನು ಒತ್ತಿ ನಿಲ್ಲಿಸಿ, ಮಗಳ ಕಂಕುಳಿಗೆ ಕೈಕೊಟ್ಟು ಜಾರಿಸಿದಳು. ಕುರ್ಚಿಯೂ ನನ್ನ ಸೀಟೂ ಒಂದೇ ಎತ್ತರ. ಎತ್ತುವ ಕೆಲಸವೇ ಇರಲಿಲ್ಲ. ಅನ್ವಿತಾ ಕಿಲಕಿಲ ನಕ್ಕು, "ಅಮ್ಮ, ಇನ್ನೊಮ್ಮೆ!" ಎಂದಳು. ತಗ್ಗಿನಲ್ಲಿರುವುದಕ್ಕೆ ಯಾರಾದರೂ ಖುಷಿಪಟ್ಟದ್ದು ಅದೇ ಮೊದಲು.

"ನಂಗೆ ಇದೇ ಅಳತೆ ಸಾಕು ಮಾಸ್ಟ್ರೇ," ಎಂದಳು ಗುಲಾಬಿ. "ಕುವೈತಿನಿಂದ ತಮ್ಮ ಫೋನು ಮಾಡಿ ದೊಡ್ಡದೇ ತೆಗೆಸಿಕೊಡ್ತೇನೆ ಅಂತಾನೆ. ದೊಡ್ಡದರ ಸೀಟು ನನ್ನ ಎದೆಗೆ ಬರ್ತದೆ. ದಿನಾ ಇವಳನ್ನು ಅಷ್ಟು ಮೇಲೆ ಎತ್ಲಿಕ್ಕೆ ನನ್ನ ಸೊಂಟ ಉಳೀತದಾ?"

"ಹಾಗಾದ್ರೆ ಇದನ್ನೇ ಇಟ್ಕೊಳ್ಳಿ. ಸ್ಕೂಲಿಗೆ ಹೊಸತು ಬರ್ಲಿಕ್ಕುಂಟು. ಲೈಸೆನ್ಸ್ ಆದ ದಿನ ಇದು ನಿಮ್ಮದು," ಎಂದರು ಮಾಸ್ಟ್ರು.

ಆ ಮಾತು ಕೇಳಿ ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಮುದಿತನದಲ್ಲಿ ನನಗೊಂದು ಕೆಲಸ ಸಿಕ್ಕಿತ್ತು. ಆ ಹುಡುಗಿಯ ಮೊಣಕಾಲು ಬಿಗಿಯದಂತೆ ನೋಡಿಕೊಳ್ಳುವ ಕೆಲಸ.

ಗುಲಾಬಿ ಚೆನ್ನಾಗಿ ಕಲಿತಳು. ಹೊಲಿಗೆ ಯಂತ್ರ ತುಳಿದ ಕಾಲು, ಕ್ಲಚ್ಚಿಗೆ ಬೇಗ ಒಗ್ಗಿತು. ಮೊದಲ ಪಾಠವನ್ನಂತೂ ಯಾರೂ ಕಲಿಯದಷ್ಟು ಚೆನ್ನಾಗಿ ಕಲಿತಳು.

ಲೈಸೆನ್ಸಿನ ಪರೀಕ್ಷೆಗೆ ಐದು ದಿನ ಇರುವಾಗ, ಮಾಸ್ಟ್ರು "ಇವತ್ತು ನೀವೇ ಆಸ್ಪತ್ರೆವರೆಗೆ ಬಿಡಿ, ಮಗಳೂ ನೋಡ್ಲಿ," ಎಂದರು. ಅನ್ವಿತಾ ಹಿಂದೆ ಕುಳಿತಳು. ಬೆಳಗಿನ ಒಂಬತ್ತು ಗಂಟೆ, ಒಳ್ಳೆಯ ಬಿಸಿಲು. ರಸ್ತೆಯ ಬದಿಯಲ್ಲಿ ನೀರಿನ ಪೈಪಿಗೆ ಅಗೆದು, ಮಣ್ಣನ್ನು ಸಡಿಲವಾಗಿ ಮುಚ್ಚಿ ಹೋಗಿದ್ದರು. ನೋಡಲು ಬದಿಯ ಉಳಿದ ಮಣ್ಣಿನ ಹಾಗೆಯೇ ಇತ್ತು. ತಿರುವಿನಲ್ಲಿ ಎದುರಿನಿಂದ ಒಂದು ಕರಿ ಕಾರು, ರಿಕ್ಷಾವೊಂದನ್ನು ಹಿಂದೆ ಹಾಕುತ್ತ, ನೇರ ನಮ್ಮ ಪಾಲಿನ ಡಾಮರಿಗೆ ಬಂತು. ಲೈಟು ಮಿನುಗಿಸಿತು. ವೇಗ ತಗ್ಗಿಸಲಿಲ್ಲ.

"ಇಳಿಸಿ, ಇಳಿಸಿ!" ಎಂದು ಮಾಸ್ಟ್ರು ಕೂಗಿದರು.

ಗುಲಾಬಿ ಇಳಿಸಿದಳು. ನಾವು ಡಾಮರಿನ ಮೇಲೆಯೇ ನಿಂತಿದ್ದರೆ ಆ ಕಾರು ರಿಕ್ಷಾ ದಾಟಿ ತನ್ನ ಬದಿಗೆ ಮರಳುವಷ್ಟು ಜಾಗವಿತ್ತು, ನಾನು ಅಳತೆ ಬಲ್ಲೆ. ಅವಳ ಕಾಲಿನ ಹತ್ತಿರ ಒಂದು ಬ್ರೇಕು, ಮಾಸ್ಟ್ರ ಕಾಲಿನ ಹತ್ತಿರ ಒಂದು ಬ್ರೇಕು. ಎರಡನ್ನೂ ಯಾರೂ ಒತ್ತಲಿಲ್ಲ. ಅದು ಅವರ ಪಾಠದಲ್ಲೇ ಇರಲಿಲ್ಲ. ನನ್ನ ಎಡಗಡೆಯ ಚಕ್ರಗಳು ಸಡಿಲು ಮಣ್ಣಿನಲ್ಲಿ ಹೂತು, ನಾನು ಮಗ್ಗುಲಾಗಿ ಬಿದ್ದೆ.

ಮಾಸ್ಟ್ರ ಕಾಲು ಪೆಡಲುಗಳ ನಡುವೆ ಸಿಕ್ಕಿ ಮುರಿಯಿತು. ಅನ್ವಿತಾಳ ಹುಬ್ಬಿನ ಮೇಲೆ ಗಾಜು ತಾಗಿ ರಕ್ತ ಸುರಿಯುತ್ತಿತ್ತು. ಗುಲಾಬಿಗೆ ಒಂದು ಗೀರೂ ಇರಲಿಲ್ಲ, ಆದರೆ ಅವಳು ಕೂಗಿದ ಕೂಗು ಇನ್ನೂ ನನ್ನ ತಗಡಿನೊಳಗೆ ಇದೆ. ಕರಿ ಕಾರು ನಿಂತಿತು. ಓಡಿ ಬಂದವರು ನನ್ನ ಶೆಟ್ಟಿಗಾರರು.

"ಅಯ್ಯೋ ದೇವರೇ, ಮಾಸ್ಟ್ರೇ! ನೀವಾ!" ಎಂದರು. "ಸಣ್ಣ ಕಾರು, ಇಳಿಸ್ತಾರೆ ಅಂದ್ಕೊಂಡೆ. ನೀವೇ ಅಲ್ವಾ ಹೇಳಿಕೊಟ್ಟದ್ದು, ದೊಡ್ಡದು ಬಂದ್ರೆ ಸಣ್ಣದು ಇಳಿಸ್ಬೇಕು ಅಂತ?"

ಅದರಲ್ಲಿ ಕುಹಕವಿರಲಿಲ್ಲ. ಮನುಷ್ಯ ಅಳುತ್ತಿದ್ದರು. ವಾಲ್ಟರ್ ಮಾಸ್ಟ್ರು ನೋವಿನಲ್ಲಿಯೂ ಅವರ ಮುಖವನ್ನೇ ನೋಡುತ್ತ ಬಿದ್ದಿದ್ದರು. ಶೆಟ್ಟಿಗಾರರು ಅನ್ವಿತಾಳನ್ನು ತಾವೇ ಎತ್ತಿ, ತಮ್ಮ ಕಾರಿನ ಎತ್ತರದ ಸೀಟಿನಲ್ಲಿ ಮಲಗಿಸಿ, ಎಲ್ಲರನ್ನೂ ಆಸ್ಪತ್ರೆಗೆ ಸೇರಿಸಿದರು. ನನ್ನನ್ನು ಸಂಜೆ ಕ್ರೇನಿನಲ್ಲಿ ಎತ್ತಿದರು. ಅಡಿಯ ಚೌಕಟ್ಟು ತಿರುಚಿದೆ, ಇನ್ನು ರಸ್ತೆಗೆ ಆಗದು ಎಂದು ಗ್ಯಾರೇಜಿನವರು ಹೇಳಿದರು.

ಹುಬ್ಬಿಗೆ ನಾಲ್ಕು ಹೊಲಿಗೆ ಬಿತ್ತು. ಅದು ವಾಸಿಯಾಯಿತು. ಗುಲಾಬಿ ಮಾಸ್ಟ್ರನ್ನು ನೋಡಲು ಬಂದಾಗ, ಅವರು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಜಗಲಿಯಲ್ಲಿ ಕೂತಿದ್ದರು. ನಾನು ಅಂಗಳದ ಮೂಲೆಯಲ್ಲಿದ್ದೆ.

"ತಮ್ಮನಿಗೆ ಹೂಂ ಅಂದೆ ಮಾಸ್ಟ್ರೇ," ಎಂದಳು. "ಆ ದಿನ ಅವರ ಕಾರಲ್ಲಿ ಆಸ್ಪತ್ರೆಗೆ ಹೋಗುವಾಗ ನೋಡಿದೆ. ಬಸ್ಸಿನವನೇ ಬದಿಗೆ ಸರೀತಾನೆ. ನನ್ನ ಸೊಂಟ ಹೋದ್ರೆ ಹೋಗ್ಲಿ. ಇವಳನ್ನು ಕೂರಿಸಿಕೊಂಡು ಇನ್ನು ನಾನು ಮಣ್ಣಿಗೆ ಇಳಿಯುವುದಿಲ್ಲ."

"ನಾನು ನಿಮಗೆ ತಪ್ಪು ಕಲಿಸಿದೆ ಗುಲಾಬಿ," ಎಂದರು ಮಾಸ್ಟ್ರು. "ಎಲ್ಲರಿಗೂ ಅದನ್ನೇ ಕಲಿಸಿದೆ. ನಿಲ್ಲಿಸ್ಲಿಕ್ಕೆ ಯಾರಿಗೂ ಹೇಳಿಕೊಡ್ಲಿಲ್ಲ."

ಅವಳು ನನ್ನ ಹತ್ತಿರ ಬಂದು, ಹಿಂದಿನ ಬಾಗಿಲಿನ ಹಿಡಿಯನ್ನು ಒಮ್ಮೆ ಮುಟ್ಟಿ ಹೋದಳು. ನನಗೆ ಬಹಳ ದುಃಖವಾಯಿತು.

ಅಂದಿನಿಂದ ಈ ಮೂಲೆಯೇ ನನ್ನ ಮನೆ. ಚಕ್ರ ಬಿಚ್ಚಿ ಕಲ್ಲಿನ ಮೇಲೆ ಕೂರಿಸಿದ್ದಾರೆ. ಹಿಂದಿನ ಸೀಟಿನಲ್ಲಿ ಬೆಕ್ಕು ಎರಡು ಸಲ ಮರಿ ಹಾಕಿತು. ಮಾಸ್ಟ್ರು ಕುಂಟುತ್ತಲೇ ಮತ್ತೆ ಕಲಿಸುತ್ತಿದ್ದಾರೆ. ಈಗ ಮೊದಲ ಪಾಠ ಬ್ರೇಕು, ಒಂದು ವಾರ ಅದೇ. "ಎದುರಿಗೆ ಸಣ್ಣದು ಬಂದ್ರೆ ನೀವು ನಿಲ್ಲಿಸಿ," ಎನ್ನುತ್ತಾರೆ. ಕಲಿಯುವವರು ಹೂಂ ಎನ್ನುತ್ತಾರೆ, ಗಡಿಯಾರ ನೋಡುತ್ತಾರೆ.

ಮೊನ್ನೆ ಗುಲಾಬಿ ಬಂದಿದ್ದಳು. ನಮ್ಮ ಗೇಟಿನ ಎದುರಿನ ರಸ್ತೆ ಇಕ್ಕಟ್ಟು. ಅವಳ ಬೂದುಬಣ್ಣದ ದೊಡ್ಡ ಕಾರು ಬರುವಾಗ ಎದುರಿನಿಂದ ಒಂದು ಸ್ಕೂಟರು ಬರುತ್ತಿತ್ತು. ಒಬ್ಬ ಹೆಂಗಸು, ಹಿಂದೆ ಅವಳನ್ನು ತಬ್ಬಿಕೊಂಡ ಪುಟ್ಟ ಹುಡುಗಿ. ಕಾರು ವೇಗ ತಗ್ಗಿಸಲಿಲ್ಲ. ಹೆಂಗಸು ಗಡಬಡಿಸಿ ಮಣ್ಣಿಗೆ ಇಳಿದು, ಎರಡೂ ಕಾಲು ಊರಿ, ಬೀಳುವ ಸ್ಕೂಟರನ್ನು ಹೇಗೋ ಹಿಡಿದು ನಿಂತಳು. ಧೂಳು ಇಳಿದ ಮೇಲೆ ಅದನ್ನು ಮೇಲಕ್ಕೆ ದೂಡಿಕೊಂಡು ಹೋದಳು. ಜಗಲಿಯಿಂದ ಮಾಸ್ಟ್ರು ನೋಡಿದರು. ಮೂಲೆಯಿಂದ ನಾನು ನೋಡಿದೆ.

ಗುಲಾಬಿ ಇಳಿದಳು. ಸೊಂಟಕ್ಕೆ ಅಗಲದ ಬೆಲ್ಟು ಕಟ್ಟಿದ್ದಳು, ಮುಖ ಮಾತ್ರ ಗೆಲುವಾಗಿತ್ತು. ಒಂದು ವರ್ಷದಿಂದ ಒಂದು ದಿನವೂ ವ್ಯಾಯಾಮ ತಪ್ಪಿಲ್ಲವಂತೆ. "ಬಲಗಾಲು ಪೂರ್ತಿ ನೆಟ್ಟಗಾಗಿದೆ ಮಾಸ್ಟ್ರೇ, ಬನ್ನಿ ನೋಡಿ!" ಎಂದಳು. ಅನ್ವಿತಾ ಮೇಲಿನ ಸೀಟಿನಲ್ಲಿ ಕಾಲು ಚಾಚಿ ತೋರಿಸಿದಳು. ಮಾಸ್ಟ್ರು ಆ ಕಾಲನ್ನು ಮುಟ್ಟಿ ನೋಡಿ, ಮನಸಾರೆ ಸಂತೋಷಪಟ್ಟರು. ಆಮೇಲೆ ಮೆಲ್ಲಗೆ ಕೇಳಿದರು:

"ಈಗ ಗೇಟಿನ ಹತ್ತಿರ ಆ ಸ್ಕೂಟರಿನವಳು ಬೀಳ್ತಿದ್ದಳಲ್ಲ ಗುಲಾಬಿ, ನೋಡಿದ್ರಾ?"

ಗುಲಾಬಿ ತಿರುಗಿ ರಸ್ತೆಯ ಕಡೆ ನೋಡಿದಳು. ರಸ್ತೆ ಖಾಲಿಯಿತ್ತು.

"ಯಾವ ಸ್ಕೂಟರು ಮಾಸ್ಟ್ರೇ?"

ಅವಳು ಸುಳ್ಳು ಹೇಳುವವಳಲ್ಲ. ನಿಜವಾಗಿಯೂ ಅವಳಿಗೆ ಕಂಡಿರಲಿಲ್ಲ. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಮನಸ್ಸಾಗಲಿಲ್ಲ. ನನ್ನೊಳಗೆ ಅವಳ ಮಗಳ ರಕ್ತ ಬಿದ್ದಿದೆ, ಅವಳು ಯಾಕೆ ಅಷ್ಟು ಎತ್ತರಕ್ಕೆ ಹೋದಳೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೆ ಸ್ಕೂಟರಿನಲ್ಲಿ ಅಮ್ಮನನ್ನು ತಬ್ಬಿಕೊಂಡಿದ್ದ ಆ ಹುಡುಗಿಯ ಮುಖವನ್ನೂ ನಾನು ನೋಡಿದ್ದೇನೆ. ನಾನು ಇರುವ ಎತ್ತರಕ್ಕೆ ಅದು ಸ್ಪಷ್ಟವಾಗಿ ಕಾಣುತ್ತಿತ್ತು.