ಕೋಟಿನ ಮೇಲಿನ ಕೆಂಗೂದಲು

ಡೊರೀನ್ ಅಕ್ಕನ ಪಕ್ಕೆಗೆ ಮೊಣಕೈಯಿಂದ ತಿವಿದಳು. ಪಾದ್ರಿ ಇನ್ನೂ ಪ್ರಾರ್ಥನೆ ಮುಗಿಸಿರಲಿಲ್ಲ.

“ಅಕ್ಕ, ಬಾಗಿಲ ಹತ್ರ ನೋಡು. ಯಾರವಳು?”

ಗಂಡನ ಶವಪೆಟ್ಟಿಗೆಯ ಮೇಲಿಂದ ಕಣ್ಣು ತೆಗೆದು ಮೇವಿಸ್ ಹಿಂದಕ್ಕೆ ತಿರುಗಿದಳು. ಊರುಗೋಲು ಹಿಡಿದ, ಅರವತ್ತು ದಾಟಿದ ಹೆಂಗಸು. ಅವಳ ಕಾಲ ಬಳಿ ಕೆಂಚು ನಾಯಿಯೊಂದು ತೆಪ್ಪಗೆ ಕೂತಿತ್ತು. ಮೇವಿಸಳ ನೋಟ ನಾಯಿಯ ಮೇಲೇ ನಿಂತಿತು.

“ಅವಳೇ,” ಎಂದಳು.

*

ಆರು ವರ್ಷದ ಹಿಂದೆ ಅವಳ ಗಂಡ ಕ್ಲಿಫರ್ಡ್ ಬಸ್ಸು ಓಡಿಸುವ ಕೆಲಸದಿಂದ ನಿವೃತ್ತನಾದ. ಅಂದಿನಿಂದ ಪ್ರತಿ ಗುರುವಾರ ಮಧ್ಯಾಹ್ನ, ಕ್ಲಬ್ಬಿನಲ್ಲಿ ಇಸ್ಪೀಟು ಎಂದು ಹೇಳಿ ಹೊರಡುತ್ತಿದ್ದ. ಇಸ್ಪೀಟು ಆಡಿ ಬಂದವನ ಬೂಟಿನೊಳಗೆ ಮರಳು! ಕೋಟಿನ ಮೇಲೆ ಉದ್ದುದ್ದ ಕೆಂಗೂದಲು. ಹೆಂಗಸಿನದೇ ಎಂದುಕೊಂಡಳು ಮೇವಿಸ್. ಬೆಳಕಿಗೆ ಹಿಡಿದಾಗ ನಾಯಿಯದೆಂದು ತಿಳಿಯಿತು, ಸಮಾಧಾನವೇನೂ ಆಗಲಿಲ್ಲ. ನಾಯಿಗೊಂದು ಮನೆ ಇರಬೇಕಲ್ಲ, ಆ ಮನೆಗೊಬ್ಬಳು ಇರಬೇಕಲ್ಲ. ಅವನನ್ನು ಕೇಳಲಿಲ್ಲ. ಕೇಳಿದರೆ ಹೇಳಿಯೇಬಿಟ್ಟಾನೆಂಬ ಭಯ. ಗುರುವಾರ ಸಂಜೆ ಅವಳು ಬ್ರಷ್ಷು ಹಿಡಿದು ಕೋಟು ಉಜ್ಜುವಳು. ಅವನು ಪೇಪರಿನ ಮರೆಯಲ್ಲಿ ಕೂತಿರುವನು.

*

ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ಸಭಾಂಗಣದಲ್ಲಿ ಚಹಾ. ಹೆಂಗಸು ತಾನಾಗಿಯೇ ಹತ್ತಿರ ಬಂದಳು.

“ನಾನು ಹೆಸ್ಟರ್. ಪೇಪರಲ್ಲಿ ಫೋಟೋ ನೋಡಿ ಬಂದೆ. ಅವರ ಹೆಸರು ಕ್ಲಿಫರ್ಡ್ ಅಂತ ಆಗಲೇ ಗೊತ್ತಾಗಿದ್ದು.”

“ಕೇಳಿಸ್ಕೊಂಡ್ಯಾ ಅಕ್ಕ? ಹೆಸರೇ ಗೊತ್ತಿರ್ಲಿಲ್ವಂತೆ!” ಡೊರೀನ್ ನಕ್ಕಳು.

“ಬೀಚಲ್ಲಿ ನಾವು ನಾಯಿ ಹೆಸರಷ್ಟೇ ಕೇಳೋದು. ಇವಳು ಟಾಫಿ. ನನಗೆ ಮಂಡಿನೋವು, ಮರಳಲ್ಲಿ ಕಾಲಿಡೋಕಾಗಲ್ಲ. ನಾನು ಕಾರಲ್ಲಿ ಕೂತಿರ್ತಿದ್ದೆ, ಅವರು ಇವಳನ್ನ ಓಡಾಡಿಸಿ ತರೋರು.”

“ಅಷ್ಟು ಆಸೆ ಇದ್ರೆ ಮನೆಗೇ ಒಂದು ನಾಯಿ ತರಬಹುದಿತ್ತಲ್ಲ?” ಎಂದಳು ಮೇವಿಸ್.

“ನಾನೂ ಕೇಳಿದ್ದೆ. ‘ಹಿಂದಿನ ನಾಯಿ ಸತ್ತಾಗ ನನ್ನ ಹೆಂಡತಿ ಹದಿನೈದು ದಿನ ಸರಿಯಾಗಿ ಊಟ ಮಾಡ್ಲಿಲ್ಲ. ಅದನ್ನ ಇನ್ನೊಂದ್ಸಲ ನೋಡೋಕೆ ನನ್ನ ಕೈಲಾಗಲ್ಲ’ ಅಂದ್ರು.”

ಮೇವಿಸ್ ಚಹಾದ ಕಪ್ಪನ್ನು ಮೇಜಿನ ಮೇಲಿಟ್ಟಳು. ದನಿ ಮೆತ್ತಗಾಗಲಿಲ್ಲ.

“ಬಾಯಲ್ಲಿ ಏನು ಬೇಕಾದ್ರೂ ಹೇಳಬಹುದು. ಆ ಜಾಗ ತೋರಿಸಿ.”

ಡೊರೀನಳನ್ನು ಅಲ್ಲೇ ಬಿಟ್ಟು ಇಬ್ಬರೂ ಹೆಸ್ಟರಳ ಕಾರಿನಲ್ಲಿ ಹೊರಟರು. ನಾರ್ಫೋಕ್ ತೀರದ ಆ ಬೀಚಿನಲ್ಲಿ ನವೆಂಬರಿನಲ್ಲಿ ನರಪಿಳ್ಳೆಯೂ ಇರಲಿಲ್ಲ. ಹೆಸ್ಟರ್ ಕಾರಿನ ಬಾಗಿಲು ತೆರೆದದ್ದೇ ತಡ, ಟಾಫಿ ಹಾರಿ ಇಳಿಯಿತು.

“ದಾರಿಯುದ್ದಕ್ಕೂ ಇವಳ ಹತ್ರ ಮಾತಾಡ್ತಾನೇ ಹೋಗೋರು.”

“ಕ್ಲಿಫರ್ಡಾ? ಮಾತಾ? ಊಟದಲ್ಲಿ ಉಪ್ಪು ಬೇಕಾದ್ರೂ ಕೈ ತೋರಿಸ್ತಿದ್ದ. ಏನು ಹೇಳ್ತಿದ್ದ?”

“ಗಾಳಿ ಜಾಸ್ತಿ. ನನಗೆ ಕೇಳಿಸ್ತಿರಲಿಲ್ಲ.”

ಮೇವಿಸ್ ಅವಳ ಮುಖವನ್ನೇ ದಿಟ್ಟಿಸಿದಳು. ಆಮೇಲೆ ನಾಯಿಯ ಹಿಂದೆ ಮರಳಿಗಿಳಿದಳು. ಎತ್ತರದ ಹಿಮ್ಮಡಿಯ ಕಪ್ಪು ಬೂಟು ಹೆಜ್ಜೆಹೆಜ್ಜೆಗೂ ಹೂತುಕೊಳ್ಳುತ್ತಿತ್ತು.

ಹೆಸ್ಟರ್ ಕಾರಿನೊಳಗಿನಿಂದ ನೋಡುತ್ತಿದ್ದಳು. ನೀರಿನ ಅಂಚಿನಲ್ಲಿ ಮೇವಿಸ್ ನಿಂತಳು, ನಾಯಿಯೂ ನಿಂತಿತು. ಅವಳು ಬೆರಳಾಡಿಸುತ್ತ ಏನೋ ಗದರುತ್ತಿದ್ದಳು. ಟಾಫಿ ಮರಳಲ್ಲಿ ಕೂತು, ಕಿವಿ ನಿಮಿರಿಸಿ ಕೇಳಿಸಿಕೊಳ್ಳುತ್ತಿತ್ತು.