ನೀಲಿ ರಿಬ್ಬನ್ನಿನ ಬಾಗಿಲು

ಮಲಗುವ ಕೋಣೆಯ ಬಾಗಿಲ ಹಿಡಿಗೆ ನಾನು ನೀಲಿ ರಿಬ್ಬನ್ ಕಟ್ಟಿದ್ದೆ. ಅದನ್ನು ಕಂಡ ಕೂಡಲೇ ನನ್ನ ಗಂಡ ಎಕಾರ್ಟರ ಮುಖ ಸಡಿಲವಾಗುತ್ತಿತ್ತು. ಒಳಗೆ ಕಾಲಿಡುತ್ತಲೇ ಕೊರಳಿನ ಟೈ ಬಿಚ್ಚತೊಡಗುತ್ತಿದ್ದರು. ಮೊದಮೊದಲು ಅವರಿಗೆ ನಾಚಿಕೆ, ಯಾರಾದರೂ ಕೇಳಿದರೆ ಏನು ಹೇಳುವುದು ಎಂದು. ನಮ್ಮ ಊರ ಕಡೆಯ ಶಾಸ್ತ್ರ ಎಂದು ಹೇಳಿದರಾಯಿತು ಎಂದೆ. ಆ ದೇಶದಲ್ಲಿ ನನ್ನ ಯಾವ ವಿಚಿತ್ರಕ್ಕೂ ಆ ಒಂದು ಉತ್ತರ ಸಾಕಾಗುತ್ತಿತ್ತು.

ಅವರು ಜರ್ಮನಿಯ ಸಂಸತ್ತಿನ ಸದಸ್ಯರು. ನಾನು ಕನ್ನಡನಾಡಿನಿಂದ ಓದಲು ಹೋಗಿ ಅವರನ್ನು ಮದುವೆಯಾದವಳು. ನನ್ನ ತಾಯಿ ನನ್ನ ತಂದೆಯನ್ನು ‘ಏನ್ರೀ’ ಎಂದು ಕರೆಯುವುದನ್ನು ಕೇಳಿ, ಅದು ಗಂಡಹೆಂಡಿರಿಬ್ಬರಿಗೂ ಸಲ್ಲುವ ಮಾತು ಎಂದುಕೊಂಡು, ಎಕಾರ್ಟ್ ಜೀವಮಾನವೆಲ್ಲ ನನ್ನನ್ನು ಹಾಗೆಯೇ ಕರೆದರು. ನಾನೂ ತಿದ್ದಲು ಹೋಗಲಿಲ್ಲ.

ಪೋಸ್ಟರ್ ಅಂಟಿಸುವ ಹುಡುಗನಾಗಿ ಪಕ್ಷ ಸೇರಿ, ಊರಿನ ಸಭೆ, ಜಿಲ್ಲೆಯ ಸಭೆ ದಾಟಿ ಸಂಸತ್ತಿಗೆ ಹೋದವರು. ಮಂತ್ರಿಯಾಗಲಿಲ್ಲ. ಆಗುವ ಆಸೆಯನ್ನೂ ತೋರಲಿಲ್ಲ. ಪಕ್ಷ ಕೈ ಎತ್ತು ಎಂದಾಗ ಎತ್ತಿದರು, ಇಳಿಸು ಎಂದಾಗ ಇಳಿಸಿದರು. ಇದೂ ಒಂದು ರಾಜಕೀಯವೇ ಎಂದು ನಾನು ರೇಗಿಸಿದರೆ ಸಿಟ್ಟಾಗುತ್ತಿದ್ದರು. ಒಮ್ಮೆಯೂ ಮಾತು ತಪ್ಪಲಿಲ್ಲ ಎನ್ನುವುದೇ ಅವರ ಹೆಮ್ಮೆಯಾಗಿತ್ತು.

ನೆನಪು ಕೈಕೊಟ್ಟು ಮನೆಯಲ್ಲೇ ಬಾಗಿಲು ತಪ್ಪತೊಡಗಿದ ಮೇಲೆ ಆ ರಿಬ್ಬನ್ ಕಟ್ಟಿದೆ, ರಾಜೀನಾಮೆ ಕೊಡಿ ಎಂದು ಕಾಡಿದೆ. ಈ ಅವಧಿ ಮುಗಿಯುವವರೆಗೆ ಹೇಗಾದರೂ ನಡೆಸಿಕೊಂಡು ಹೋಗಿ ಎಂದು ಅವರು ಅಂಗಲಾಚಿದರು. ಪಕ್ಷದ ಕಚೇರಿಯ ಗೋಡೆಯ ಮೇಲೆ, ಹಿರಿಯರ ಸಾಲಿನಲ್ಲಿ, ತಮ್ಮದೂ ಒಂದು ಫೋಟೋ ತೂಗಬೇಕು. ಅವರಿಗೆ ಉಳಿದಿದ್ದ ಆಸೆ ಅದೊಂದೇ. ಹಾಗಾಗಿ ರಾಜಧಾನಿಗೂ ಅವರ ಬೆನ್ನಿಗೇ ಹೋಗತೊಡಗಿದೆ. ಭಾಷಣಗಳನ್ನು ತಪ್ಪಿಸಿದೆ, ಅವರಿಗೆ ಕೇಳಿದ ಪ್ರಶ್ನೆಗೆ ನಾನೇ ಬಾಯಿ ಹಾಕಿದೆ. ಬಾಯಿಬಡುಕಿ ಎಂಬ ಹೆಸರು ಬಂತು. ಬರಲಿ ಎಂದುಕೊಂಡೆ.

ನಮ್ಮ ಪಟ್ಟಣದ ಹೊಳೆಯಾಚೆ ಒಂದು ಹಳ್ಳಿಯಿತ್ತು, ಅದರಡಿಯಲ್ಲಿ ಕಲ್ಲಿದ್ದಲಿತ್ತು. ಮನೆ, ಚರ್ಚು, ಸಮಾಧಿಗಳನ್ನೆಲ್ಲ ಎತ್ತಿಸಿ ನೆಲ ಅಗೆಯಬೇಕೆಂದು ಎಕಾರ್ಟರ ಪಕ್ಷದ ಸರ್ಕಾರ ಮಸೂದೆ ತಂದಿತು. ಆ ಹಳ್ಳಿಯಲ್ಲಿ ಬೇಕರಿ ನಡೆಸುತ್ತಿದ್ದ ಗೆರ್ಲಿಂಡ್ ಎಂಬ ವಯಸ್ಸಾದ ಹೆಂಗಸು, ನಾನು ಗೆರ್ಲಿಂಡಮ್ಮ ಎನ್ನುತ್ತಿದ್ದೆ, ಊರವರನ್ನು ಕಟ್ಟಿಕೊಂಡು ಬಂದು ಎಷ್ಟೋ ಸಲ ಬೇಡಿಕೊಂಡಿದ್ದರು. ಪಕ್ಷದ ನಿರ್ಧಾರವೇ ನನ್ನ ನಿರ್ಧಾರ ಎಂದು ಎಕಾರ್ಟ್ ಎಲ್ಲರನ್ನೂ ಸಾಗಹಾಕಿದ್ದರು. ಆಗಿನ್ನೂ ಅವರ ತಲೆ ನೆಟ್ಟಗಿತ್ತು.

ಮತದಾನದ ದಿನ ಕೈ ಎತ್ತಿಸಿ ನೋಡಿದರೆ ಎರಡೂ ಕಡೆ ಸಮಸಮ ಕಂಡಿತು. ಅಂಥ ಹೊತ್ತಿಗೆ ಅಲ್ಲೊಂದು ಪದ್ಧತಿಯಿದೆ. ಸದಸ್ಯರೆಲ್ಲ ಹೊರಗೆ ಹೋಗಿ, ‘ಹೌದು’, ‘ಇಲ್ಲ’, ‘ತಟಸ್ಥ’ ಎಂಬ ಮೂರು ಬಾಗಿಲುಗಳಲ್ಲಿ ಒಂದರಿಂದ ಮತ್ತೆ ಒಳಗೆ ಬರಬೇಕು. ಬಾಗಿಲಲ್ಲಿ ನಿಂತವರು ಎಣಿಸುತ್ತಾರೆ. ಗ್ಯಾಲರಿಯಲ್ಲಿ ಕುಳಿತಿದ್ದ ನಾನು ಎದ್ದು ನಿಂತೆ. ಪಕ್ಕದವರನ್ನು ನೋಡಿ ಎಕಾರ್ಟ್ ಕೈ ಎತ್ತಬಹುದಿತ್ತು. ಬಾಗಿಲು ಹುಡುಕುವುದು ಅವರಿಂದ ಆಗುವ ಕೆಲಸವಾಗಿರಲಿಲ್ಲ. ಅಷ್ಟರಲ್ಲಿ ‘ಇಲ್ಲ’ ಬಾಗಿಲಲ್ಲಿ ಎಣಿಸಲು ನಿಂತ ಹೆಂಗಸು ನನ್ನ ಕಣ್ಣಿಗೆ ಬಿದ್ದಳು. ಅವಳ ಕೊರಳಲ್ಲಿ ನೀಲಿ ಸ್ಕಾರ್ಫ್ ಇತ್ತು.

ಎಕಾರ್ಟ್ ಆ ಬಾಗಿಲಿನಿಂದಲೇ ಬಂದರು. ಮುಖ ಸಡಿಲವಾಗಿತ್ತು. ಒಳಗೆ ಕಾಲಿಡುತ್ತಲೇ ಟೈ ಬಿಚ್ಚತೊಡಗಿದರು.

ಒಂದು ಮತದಿಂದ ಮಸೂದೆ ಬಿತ್ತು. ಪಕ್ಷದ ಉರುಳನ್ನು ಕೊರಳಿಂದ ಕಿತ್ತೆಸೆದ ಧೀರ ಎಂದು ಪತ್ರಿಕೆಗಳು ಫೋಟೋ ಹಾಕಿ ಬರೆದವು. ಗೆರ್ಲಿಂಡಮ್ಮ ಬಿಸಿ ಬ್ರೆಡ್ ತಂದುಕೊಟ್ಟು, ಅವರ ಕೈ ಹಿಡಿದು ಅತ್ತರು. ಆಕೆ ಹೋದ ಮೇಲೆ ಎಕಾರ್ಟ್ ಪತ್ರಿಕೆ ಓದಿದರು. ಅವತ್ತೇ ಅವರ ತಲೆ ತಿಳಿಯಾಗಬೇಕೇ.

“ಏನ್ರೀ, ನಾನು ಪಕ್ಷಕ್ಕೆ ದ್ರೋಹ ಮಾಡಿಲ್ಲ. ದಾರಿ ತಪ್ಪಿತು ಅಷ್ಟೇ. ಅವರಿಗೆ ಹೇಳಿ.”

ಮಾರನೆಯ ದಿನ ಪಕ್ಷದ ಮುಖಂಡರು ಮನೆಗೆ ಬಂದರು. ಅವರಿಗೆ ಅನುಮಾನ ಬಂದಿತ್ತು. ಕಾಯಿಲೆ ಎಂದು ನಾನು ಒಪ್ಪಿಕೊಂಡರೆ ಸಾಕು, ಎಕಾರ್ಟರ ಹೆಸರಿಗೆ ಮಸಿ ಅಂಟುವುದಿಲ್ಲ, ಬೀಳ್ಕೊಡುಗೆ, ಗೋಡೆಯ ಮೇಲಿನ ಫೋಟೋ ಎಲ್ಲ ಆಗುತ್ತದೆ ಎಂದರು. ಮಸೂದೆಯ ಗತಿ ಏನು ಎಂದು ಕೇಳಿದೆ. ಎಕಾರ್ಟರಂಥವರೇ ತಿರುಗಿಬಿದ್ದರು ಎಂದು ಪಕ್ಷದಲ್ಲಿ ಇನ್ನೂ ಕೆಲವರು ಹಿಂಜರಿಯುತ್ತಿದ್ದಾರೆ, ಅದು ರೋಗಿಯೊಬ್ಬನ ತಪ್ಪು ಎಂದು ಗೊತ್ತಾದರೆ ಮತ್ತೆ ತಂದು ಗೆಲ್ಲಿಸಿಕೊಳ್ಳುತ್ತೇವೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಹೇಳಿ, ಹೇಳಿ ಎಂದು ಎಕಾರ್ಟ್ ಪಕ್ಕದಲ್ಲಿ ಕುಳಿತು ನನ್ನ ತೋಳು ಅಲುಗಿಸುತ್ತಿದ್ದರು. ಮೇಜಿನ ಮೇಲೆ ಗೆರ್ಲಿಂಡಮ್ಮನ ಬ್ರೆಡ್ ಇತ್ತು.

“ಅವರು ತಿಳಿದೇ ಆ ಬಾಗಿಲಿಗೆ ಹೋದರು,” ಎಂದೆ. “ನನಗೆ ಮೊದಲೇ ಹೇಳಿದ್ದರು.”

ಎಕಾರ್ಟ್ ನನ್ನ ತೋಳು ಬಿಟ್ಟರು. ಕಟ್ಟಿಕೊಂಡ ಗಂಡನನ್ನು ಅವರ ಕಣ್ಣೆದುರಿಗೇ ದ್ರೋಹಿ ಮಾಡಿದವಳು ನಾನು. ಮತ್ತೆ ಕೇಳಿದರೂ ಅದನ್ನೇ ಹೇಳುತ್ತೇನೆ, ಮತ್ತೆ ಹಾಗೆಯೇ ಸ್ನಾನದ ಮನೆಗೆ ಹೋಗಿ ಅಗಳಿ ಹಾಕಿಕೊಂಡು ಅಳುತ್ತೇನೆ.

ಹಳ್ಳಿ ಉಳಿಯಿತು. ಪಕ್ಷ ಅವರನ್ನು ಹೊರಹಾಕಿತು. ಹುಟ್ಟುಹಬ್ಬಕ್ಕೆ ಒಬ್ಬ ಹಳೆಯ ಗೆಳೆಯನೂ ಬರಲಿಲ್ಲ. ಶನಿವಾರ ಶನಿವಾರ ಗೆರ್ಲಿಂಡಮ್ಮ ಬ್ರೆಡ್ ತಂದರೆ, ಈಕೆ ಯಾರು ಎಂದು ನನ್ನ ಕಿವಿಯಲ್ಲಿ ಕೇಳಿ ಎಕಾರ್ಟ್ ಚೆನ್ನಾಗಿಯೇ ತಿನ್ನುತ್ತಿದ್ದರು. ಮಸೂದೆ, ಸಂಸತ್ತು, ಕೊನೆಗೆ ನನ್ನ ಹೆಸರು, ಎಲ್ಲವೂ ಅವರ ತಲೆಯಿಂದ ಹೋದವು. ಒಂದು ಭಯ ಮಾತ್ರ ಹೋಗಲಿಲ್ಲ. ಮಲಗಲು ಕರೆದರೆ ನೀಲಿ ರಿಬ್ಬನ್ನಿನ ಮುಂದೆ ಗಕ್ಕನೆ ನಿಂತುಬಿಡುತ್ತಿದ್ದರು.

“ಅದು ನಮ್ಮ ಬಾಗಿಲಲ್ಲ ಏನ್ರೀ. ಅಲ್ಲಿ ಹೋದರೆ ನನ್ನನ್ನು ಹೊರಗೆ ಹಾಕ್ತಾರೆ.”

ಎಷ್ಟೋ ದಿನ ಕುರ್ಚಿಯಲ್ಲೇ ನಿದ್ದೆ ಮಾಡಿದರು. ಒಂದು ಸಂಜೆ ನಾನು ರಿಬ್ಬನ್ ಬಿಚ್ಚಿ ಮುಷ್ಟಿಯಲ್ಲಿ ಮುಚ್ಚಿಕೊಂಡೆ. ಬಾಗಿಲು ತೆರೆದು, ದೀಪ ಹಾಕಿ, ಮಂಚದ ತುದಿಯಲ್ಲಿ ಕುಳಿತು ಬನ್ನಿ ಎಂದು ಕರೆದೆ. ಅವರು ಹೊಸಿಲಿನಾಚೆ ನೆಟ್ಟಗೆ ನಿಂತು, ಕೊರಳಲ್ಲಿ ಇಲ್ಲದ ಟೈಯನ್ನು ಬಿಗಿಮಾಡಿಕೊಳ್ಳುತ್ತಿದ್ದರು.