ಕೆಲಸವಿಲ್ಲದ ಜಾಗ

ಸುಮೇರಾ ಬಸವಕಲ್ಯಾಣದಿಂದ ಹುಮನಾಬಾದಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದ ನರ್ಸು. ಹದಿನೇಳು ವರ್ಷದ ನೌಕರಿಯಲ್ಲಿ ಹೆಚ್ಚಿನ ಭಾಗ ಹೆರಿಗೆ ವಾರ್ಡಿನಲ್ಲಿ ನಿಂತೇ ಕಳೆದಿತ್ತು. ಮೊಣಕಾಲು ಸೋತ ಮೇಲೆ ಕುಳಿತು ಮಾಡುವ ಕೆಲಸವೇನಾದರೂ ಇದ್ದರೆ ಕೊಡಿ ಎಂದು ಕೇಳಿದ್ದಳು. ಆಸ್ಪತ್ರೆಯ ಡಾಕ್ಟರ್ ಅಜೀತ ಅವಳನ್ನು ಹನ್ನೆರಡು ದಿನದ ಒಂದು ತರಬೇತಿಗೆ ಕಳಿಸಿದರು. ವರ್ಷಗಟ್ಟಲೆ ಬಿಡದ ನೋವಿರುವವರನ್ನು ಕೂರಿಸಿ, ಕಣ್ಣು ಮುಚ್ಚಿಸಿ, ಮಾತಿನಲ್ಲೇ ಒಂದು ಹಿತವಾದ ಜಾಗಕ್ಕೆ ಕರೆದುಕೊಂಡು ಹೋಗುವುದು ಹೇಗೆ ಎಂದು ಅಲ್ಲಿ ಕಲಿಸಿದರು. ಗುಳಿಗೆಯ ಬದಲಿಗಲ್ಲ, ಗುಳಿಗೆಯ ಜೊತೆಗೆ ಎಂದು ಮತ್ತೆ ಮತ್ತೆ ಹೇಳಿದ್ದರು.

ವಾಪಸು ಬಂದ ಮೇಲೆ ಎಕ್ಸ್‌ರೇ ಕೋಣೆಯ ಪಕ್ಕದಲ್ಲಿ ಹಳೆಯ ಚಾದರಗಳನ್ನು ಇಡುತ್ತಿದ್ದ ಒಂದು ಕೋಣೆಯನ್ನು ಖಾಲಿ ಮಾಡಿಸಿ ಕೊಟ್ಟರು. ಮಂಗಳವಾರ ಮತ್ತು ಶುಕ್ರವಾರ. ಒಂದು ಆರಾಮ ಕುರ್ಚಿ, ಒಂದು ಸ್ಟೂಲು, ಸದ್ದು ಮಾಡುವ ಫ್ಯಾನು. ಉಳಿದ ನರ್ಸುಗಳು ಅದನ್ನು ನಿದ್ದಿ ಖೋಲಿ ಎಂದು ಕರೆದು ನಗುತ್ತಿದ್ದರು. ಸುಮೇರಾಗೆ ನಗಲೂ ಆಗುತ್ತಿರಲಿಲ್ಲ. ಕುಳಿತು ಮಾಡುವ ಕೆಲಸ ಹಗುರ ಎಂದುಕೊಂಡಿದ್ದಳು. ಆದರೆ ಒಬ್ಬೊಬ್ಬರ ನೋವಿನ ಎದುರಿಗೂ ಮೆತ್ತಗಿನ ದನಿಯಲ್ಲಿ ಕಾಲು ಗಂಟೆ ಮಾತಾಡಿ ಮುಗಿಸುವಷ್ಟರಲ್ಲಿ ಗಂಟಲಷ್ಟೇ ಅಲ್ಲ, ಒಳಗಿನದೂ ಏನೋ ಬರಿದಾಗಿರುತ್ತಿತ್ತು. ಬಸವಕಲ್ಯಾಣದ ಮನೆಗೆ ಬಂದರೆ ಮಗಳು ಮೀನಾಜ್‌ಗೆ ಕೈಸನ್ನೆಯಲ್ಲೇ ಉತ್ತರ. ಅಮ್ಮೀ, ನಿನ್ನ ಮಾತೆಲ್ಲ ಆ ಊರಿನವರಿಗೇ ಖರ್ಚಾಗುತ್ತದೆ ಎಂದು ಅವಳು ಒಮ್ಮೆ ಹೇಳಿಯೂ ಇದ್ದಳು.

ತರಬೇತಿಯಲ್ಲಿ ಕೊಟ್ಟ ಕಾಗದದಲ್ಲಿ ಸಮುದ್ರವಿತ್ತು. ನೀವೀಗ ಕಡಲ ತೀರದಲ್ಲಿದ್ದೀರಿ, ಅಲೆಗಳು ನಿಮ್ಮ ಪಾದ ತೊಳೆಯುತ್ತಿವೆ, ಹೀಗೆ. ಇಟ್ಟಿಗೆ ಭಟ್ಟಿಯಲ್ಲಿ ಸೊಂಟ ಕಳೆದುಕೊಂಡ ಬಕ್ಕಪ್ಪ ಎಂಬ ಮುದುಕ ನಡುವೆಯೇ ಕಣ್ಣು ತೆರೆದು, ಆ ನೀರು ಕುಡಿಯಲು ಬರುತ್ತದೆಯೇ ಎಂದು ಕೇಳಿದ್ದ. ಸುಮೇರಾ ಕೂಡ ಸಮುದ್ರ ನೋಡಿದವಳಲ್ಲ. ಆದರೂ ಕಾಗದದಲ್ಲಿದ್ದುದನ್ನೇ ಓದುತ್ತಿದ್ದಳು. ಬೇರೆಯದನ್ನು ಯೋಚಿಸಲು ತಲೆಯಲ್ಲಿ ಜಾಗ ಉಳಿದಿರಲಿಲ್ಲ.

ಡಿಸೆಂಬರಿನ ಒಂದು ಶುಕ್ರವಾರ ಬೇಮಳಖೇಡದ ದ್ರೌಪತಿ ಬಂದಳು. ಐವತ್ತು ದಾಟಿದ ಹೆಂಗಸು. ಎರಡು ವರ್ಷದ ಹಿಂದೆ ಎಡ ಪಕ್ಕೆಯ ಮೇಲೆ ಸರ್ಪಸುತ್ತು ಆಗಿತ್ತು. ಗುಳ್ಳೆಗಳು ತಿಂಗಳಲ್ಲಿ ಒಣಗಿದವು, ಉರಿ ಮಾತ್ರ ಅಲ್ಲೇ ಉಳಿಯಿತು. ಕುಬಸ ತಾಗಿದರೂ ಉರಿ, ಸೆರಗು ತಾಗಿದರೂ ಉರಿ. ಎಡ ಮೊಣಕೈಯನ್ನು ಮೈಗೆ ತಾಗದಂತೆ ಸದಾ ಎತ್ತಿ ಹಿಡಿದೇ ಓಡಾಡುತ್ತಿದ್ದಳು. ನೋಡಿದರೆ ಚರ್ಮದ ಮೇಲೆ ಏನೂ ಇಲ್ಲ, ಒಂದಿಷ್ಟು ಮಾಸಿದ ಕಲೆ ಅಷ್ಟೆ. ಡಾಕ್ಟರು ನರದ ನೋವಿಗೆಂದು ಗುಳಿಗೆ ಬರೆದು, ಇಲ್ಲಿಗೂ ಕಳಿಸಿದ್ದರು. ಗಂಡ ವೈಜಿನಾಥ ಅವಳನ್ನು ಬಾಗಿಲವರೆಗೆ ತಂದು ಬಿಟ್ಟು ಹೊರಗಿನ ಬೆಂಚಿನಲ್ಲಿ ಕುಳಿತ.

ನೋವು ಹತ್ತರಲ್ಲಿ ಎಷ್ಟು ಎಂದು ಸುಮೇರಾ ಕೇಳಿದಾಗ ದ್ರೌಪತಿ ಎಂಟು ಬೆರಳು ಎತ್ತಿದಳು. ಕಣ್ಣು ಮುಚ್ಚಿ ಸಮುದ್ರದ ಮಾತನ್ನು ಕೊನೆಯವರೆಗೂ ಮರ್ಯಾದೆಯಿಂದ ಕೇಳಿದಳು. ಕೊನೆಗೆ ಕೇಳಿದಾಗ ಮತ್ತೆ ಎಂಟೇ ಬೆರಳು.

ಸುಮೇರಾ ಕಾಗದ ಕೆಳಗಿಟ್ಟಳು. ನಿಮಗೆ ಆರಾಮ ಅನ್ನಿಸುವ ಜಾಗ ಯಾವುದು, ಅಲ್ಲಿಗೇ ಹೋಗೋಣ ಎಂದಳು. ದ್ರೌಪತಿ ಬಹಳ ಹೊತ್ತು ಯೋಚಿಸಿದಳು. ಹೊಲದಲ್ಲಿ ಬೇವಿನ ಗಿಡದ ಕೆಳಗೆ ನೆರಳಿದೆ ಎಂದಳು. ಸುಮೇರಾ ಅವಳನ್ನು ಆ ನೆರಳಿನಲ್ಲಿ ಕೂರಿಸಿದಳು. ಎರಡು ನಿಮಿಷವಾಗಿರಲಿಲ್ಲ, ದ್ರೌಪತಿಯ ಬೆರಳುಗಳು ತೊಡೆಯ ಮೇಲೆ ಅಲುಗಾಡತೊಡಗಿದವು. ಆಳುಗಳಿಗೆ ಬುತ್ತಿ ಬಿಚ್ಚಬೇಕು ಎಂದು ನೆನಪಾಯಿತಂತೆ. ತವರುಮನೆಯ ಕಟ್ಟೆಗೆ ಹೋದರೆ ಅಣ್ಣನ ಮನೆಯ ರೊಟ್ಟಿ ಬಡಿಯುವುದಿತ್ತು. ಗುಡಿಯ ಅಂಗಳಕ್ಕೆ ಹೋದರೆ ಭಜನೆಯವರ ಚಹಾದ ಪಾತ್ರೆ ತೊಳೆಯುವುದಿತ್ತು. ಹೋದ ಕಡೆಯೆಲ್ಲ ಕೈಗೆ ಏನಾದರೊಂದು ಸಿಗುತ್ತಿತ್ತು, ಸಿಕ್ಕ ಕೂಡಲೇ ಮೈ ಬಿಗಿಯುತ್ತಿತ್ತು, ಮೈ ಬಿಗಿದರೆ ಪಕ್ಕೆ ಉರಿಯುತ್ತಿತ್ತು.

"ಅಂಥಾ ಜಾಗಾ ಇಲ್ರಿ ಸಿಸ್ಟರ್," ಎಂದಳು ದ್ರೌಪತಿ. "ಎಲ್ಲಿ ಹೋದ್ರೂ ಕೆಲಸ ಇರ್ತದ."

ಅವಳ ದನಿಯಲ್ಲಿ ದೂರೇನೂ ಇರಲಿಲ್ಲ. ಸುಮೇರಾಗೆ ಅವತ್ತಿನ ಐದನೆಯ ರೋಗಿ ಅವಳು. ತರಬೇತಿಯ ಯಾವ ಪಾಠವೂ ನೆನಪಾಗದೆ, ಸುಮ್ಮನೆ ಒಬ್ಬ ಹೆಂಗಸು ಇನ್ನೊಬ್ಬಳನ್ನು ಕೇಳುವಂತೆ ಕೇಳಿದಳು: "ಹಂಗಾರ ನಿಮ್ಮ ಕೈ ಖಾಲಿ ಇರೋದು ಯಾವಾಗ?"

"ಬಸ್ಸಿನಾಗ್ರಿ," ಎಂದಳು ದ್ರೌಪತಿ, ತಡಮಾಡದೆ.

ತಿಂಗಳಿಗೆ ಒಂದೆರಡು ಸಲ ಹುಮನಾಬಾದಿಗೆ ಬರುತ್ತಿದ್ದಳಂತೆ. ವಾಪಸು ಹೋಗುವಾಗ ಕಿಟಕಿಯ ಸೀಟು ಸಿಕ್ಕು, ಕಂಡಕ್ಟರ್ ಹೆಂಗಸರ ಪುಕ್ಕಟೆ ಟಿಕೇಟು ಹರಿದು ಕೈಗೆ ಕೊಟ್ಟನೆಂದರೆ ಮುಗಿಯಿತು. ಊರು ಬರುವವರೆಗೆ ಅವಳಿಗೆ ಯಾರೂ ಏನೂ ಹೇಳುವ ಹಾಗಿಲ್ಲ. ಎಮ್ಮೆ ಕೂಗಿದರೂ ಕೇಳುವುದಿಲ್ಲ.

ಸುಮೇರಾ ಅವಳ ಮುಖ ನೋಡಿದಳು. ತನಗೆ ದಿನದಲ್ಲಿ ಎಲ್ಲಕ್ಕಿಂತ ಹೆಚ್ಚು ದಣಿವಾಗುವುದು ಆ ಬಸ್ಸಿನಲ್ಲೇ. ಆದರೂ ಸ್ಟೂಲನ್ನು ಸ್ವಲ್ಪ ಹತ್ತಿರ ಎಳೆದುಕೊಂಡು, ದ್ರೌಪತಿಯನ್ನು ಬಸ್ಸಿಗೆ ಹತ್ತಿಸಿದಳು. ಎಡಗಡೆಯ ಕಿಟಕಿ. ಗಾಜು ಪೂರ್ತಿ ಸರಿಸಿದೆ. ಹುಮನಾಬಾದಿನ ಗದ್ದಲ ಹಿಂದೆ ಉಳಿಯಿತು. ಚಿಟಗುಪ್ಪಾದಲ್ಲಿ ಅರ್ಧ ಬಸ್ಸು ಇಳಿಯಿತು, ಪಕ್ಕದ ಸೀಟು ಖಾಲಿಯಾಯಿತು. ಕೆಂಪು ಮಣ್ಣಿನ ಹೊಲ, ಹೂಬಿಟ್ಟ ತೊಗರಿ, ಕಬ್ಬು ಹೇರಿದ ಒಂದು ಟ್ರ್ಯಾಕ್ಟರು ನಿಧಾನವಾಗಿ ಹಿಂದಾಯಿತು. ಕಿಟಕಿಯಿಂದ ಬರುವ ತಂಪು ಗಾಳಿ ಮೊದಲು ಕೆನ್ನೆಗೆ, ಆಮೇಲೆ ಹೆಗಲಿಗೆ, ಆಮೇಲೆ ಪಕ್ಕೆಗೆ. ಕೈ ಮಡಿಲಲ್ಲಿದೆ. ಕೈಯಲ್ಲಿ ಟಿಕೇಟು ಬಿಟ್ಟರೆ ಏನೂ ಇಲ್ಲ.

ಕಣ್ಣು ತೆರೆದಾಗ ದ್ರೌಪತಿ ಆರು ಬೆರಳು ತೋರಿಸಿದಳು. ಆಮೇಲೆ ತನ್ನ ಬೆರಳನ್ನು ತಾನೇ ಮತ್ತೊಮ್ಮೆ ಎಣಿಸಿ ನೋಡಿದಳು.

ಅವಳು ಮತ್ತೆರಡು ಸಲ ಬಂದಳು. ಮೂರನೆಯ ಸಲ ಕೆಲಸ ಮುಗಿದಾಗ ಸುಮೇರಾ ಬಸ್ಸು ಹಿಡಿಯುವ ಅವಸರದಲ್ಲಿದ್ದಳು. ವೈಜಿನಾಥ ಬೆಂಚಿನಿಂದ ಎದ್ದು ಬಂದು, ಒಳಗೆ ಏನು ಮಾಡುತ್ತೀರಿ, ಇಂಜೆಕ್ಷನ್ನೂ ಇಲ್ಲ, ಗುಳಿಗೆಯೂ ಇಲ್ಲ, ಆದರೂ ಕಡಿಮೆಯಾಯಿತು ಅನ್ನುತ್ತಾಳಲ್ಲ ಎಂದು ಕೇಳಿದ. ಬಗಲಿಗೆ ಚೀಲ ಹಾಕಿಕೊಳ್ಳುತ್ತಲೇ ಸುಮೇರಾ, "ಏನಿಲ್ರಿ, ಅದು ಮನಸ್ಸಿಂದು," ಎಂದು ಹೇಳಿ ನಡೆದುಬಿಟ್ಟಳು. ಬಸ್ಸು ಸಿಕ್ಕಿತು. ಆ ಮಾತು ಅವಳಿಗೆ ಮರೆತೂ ಹೋಯಿತು.

ಆಮೇಲೆ ಮೂರು ವಾರ ದ್ರೌಪತಿಯ ಸುಳಿವಿಲ್ಲ. ಆರಾಮಾಗಿರಬೇಕು ಎಂದು ಸುಮೇರಾ ಅಂದುಕೊಂಡಳು. ಹಾಗೆ ಅಂದುಕೊಳ್ಳುವುದು ಅವಳಿಗೂ ಸುಲಭವಿತ್ತು.

ಜನವರಿಯ ನಡುವೆ ಒಂದು ಮಂಗಳವಾರ ದ್ರೌಪತಿ ಒಬ್ಬಳೇ ಬಂದಳು. ಮುಖ ಇಳಿದುಹೋಗಿತ್ತು, ಕಣ್ಣ ಸುತ್ತ ಕಪ್ಪು. ಕೇಳುವ ಮುಂಚೆಯೇ ಎರಡೂ ಕೈಯ ಬೆರಳು ಬಿಡಿಸಿ ತೋರಿಸಿದಳು. ಗುಳಿಗೆ ನಿಲ್ಲಿಸಿ ಹದಿನೈದು ದಿನವಾಗಿತ್ತು. ಅಷ್ಟೂ ದಿನ ತೊಗರಿ ಕೊಯ್ಯಲು ಹೋಗಿದ್ದಳು. ಯಾಕೆ ಎಂದು ಸುಮೇರಾ ಗದರುವ ದನಿಯಲ್ಲೇ ಕೇಳಿದಳು.

"ಕಣ್ಣ ಮುಚ್ಚಿದ್ರ ಕಮ್ಮಿ ಆಗೋ ಬ್ಯಾನಿ ಬ್ಯಾನೀನೇ ಅಲ್ಲ ಅಂತಾರ್ರಿ ನಮ್ಮ ಮನಿಯವ್ರು," ಎಂದಳು ದ್ರೌಪತಿ. "ಸಿಸ್ಟರೇ ಹೇಳ್ಯಾರ, ಮನಸ್ಸಿಂದು ಅದ ಅಂತ, ಅಂದ್ರು." ಮತ್ತೆ ಸೇರಿಸಿದಳು: "ನನಗೂ ಹಂಗೇ ಅನ್ಸಾಕತ್ತದರಿ. ನಾನೇ ಸುಳ್ಳ ಹೇಳಾಕತ್ತೇನೇನೋ ಅಂತ."

ಸುಮೇರಾ ಸ್ಟೂಲಿನ ಮೇಲೆ ಕುಳಿತಳು. ತಾನು ಚೀಲ ಹಾಕಿಕೊಳ್ಳುತ್ತ ಆಡಿದ ಮಾತು, ಬಾಗಿಲ ಬಳಿ ನಿಂತಿದ್ದ ವೈಜಿನಾಥ, ಎಲ್ಲ ಒಮ್ಮೆಲೇ ನೆನಪಾಯಿತು. ಎರಡೇ ಶಬ್ದ. ಅದಕ್ಕೆ ಈ ಹೆಂಗಸು ಹದಿನೈದು ದಿನ ಗುಳಿಗೆಯಿಲ್ಲದೆ, ಉರಿಯುವ ಪಕ್ಕೆ ಹೊತ್ತು ತೊಗರಿ ಕೊಯ್ದಿದ್ದಾಳೆ. ವೈಜಿನಾಥ ಕೆಟ್ಟವನಲ್ಲ ಎಂದು ದ್ರೌಪತಿ ಹೇಳುತ್ತಿದ್ದಳು. ಎರಡು ವರ್ಷದಿಂದ ಎಮ್ಮೆ ಹಿಂಡುವುದು, ನೀರು ತರುವುದು ಅವನ ಪಾಲಿಗೇ ಬಂದಿದೆ, ಅವನಿಗೂ ಸಾಕಾಗಿದೆ ಎಂದಳು.

"ತಪ್ಪು ನಂದು, ದ್ರೌಪತಿಬಾಯಿ," ಎಂದಳು ಸುಮೇರಾ. "ಬಸ್ಸಿನ ಗಡಿಬಿಡ್ಯಾಗ ಹಂಗ ಹೇಳಿಬಿಟ್ಟೆ. ನಿಮ್ಮ ಬ್ಯಾನಿ ಖರೇ ಅದ. ಶುಕ್ರವಾರ ಅವ್ರನ್ನ ಕರ್ಕೊಂಡು ಬರ್ರಿ."

ಡಾಕ್ಟರಿಗೂ ಆಗಿದ್ದನ್ನೆಲ್ಲ ತಾನೇ ಹೋಗಿ ಹೇಳಿದಳು. ಅವರು ಬಯ್ಯಲಿಲ್ಲ, ಗುಳಿಗೆಯನ್ನು ಮತ್ತೆ ಕಡಿಮೆ ಪ್ರಮಾಣದಿಂದ ಶುರು ಮಾಡಿಸಿದರು.

ಶುಕ್ರವಾರ ಗಂಡಹೆಂಡತಿ ಇಬ್ಬರೂ ಬಂದರು. ಡಾಕ್ಟರ್ ಅಜೀತ ವೈಜಿನಾಥನನ್ನು ಎದುರಿಗೆ ಕೂರಿಸಿಕೊಂಡು, ಮೋಟರಿನ ವೈರಿನ ಮೇಲಿನ ರಬ್ಬರು ಸುಟ್ಟರೆ ಹೇಗೋ ಹಾಗೆ ಅವಳ ಪಕ್ಕೆಯ ನರ ಸುಟ್ಟಿದೆ, ಹೊರಗೆ ಕಾಣುವುದಿಲ್ಲ ಎಂದು ವಿವರಿಸಿದರು. ವೈಜಿನಾಥ ಎಲ್ಲದಕ್ಕೂ ಹೌದ್ರಿ ಎಂದ. ನಂಬಲಿಲ್ಲ ಎಂಬುದು ಅವನು ಟೋಪಿಯನ್ನು ತೊಡೆಯ ಮೇಲೆ ತಿರುಗಿಸುತ್ತಿದ್ದ ರೀತಿಯಲ್ಲೇ ಸುಮೇರಾಗೆ ಗೊತ್ತಾಯಿತು. ಅವತ್ತು ತಾನು ಹೇಳಿದ್ದು ತಪ್ಪು ಎಂದು ಅವನಿಗೂ ಹೇಳಿದಳು. ಅದಕ್ಕೂ ಹೌದ್ರಿ ಎಂದ. ಕೊನೆಗೆ ಸುಮೇರಾ, ನೀವೂ ಒಳಗೆ ಬನ್ನಿ, ಏನು ಮಾಡುತ್ತೇವೆಂದು ಕುಳಿತು ನೋಡಿ ಎಂದು ಮೂಲೆಯಲ್ಲಿ ಇನ್ನೊಂದು ಸ್ಟೂಲು ಹಾಕಿ ಅವನನ್ನು ಕೂರಿಸಿದಳು.

ಅವತ್ತು ಮೊದಲಿಗೆ ಏನೂ ಸರಿಹೋಗಲಿಲ್ಲ. ಹೊರಗೆ ಯಾರೋ ಸ್ಟ್ರೆಚರ್ ಎಳೆಯುತ್ತಿದ್ದರು. ಸುಮೇರಾಗೆ ನೆಗಡಿಯಾಗಿ ದನಿ ಒಡೆದಿತ್ತು. ಗಂಡ ಇದ್ದಾನೆಂದು ದ್ರೌಪತಿ ಕಣ್ಣು ಮುಚ್ಚಿಯೂ ಮುಚ್ಚದಂತೆ ಕುಳಿತಿದ್ದಳು, ಬಸ್ಸು ಸ್ಟ್ಯಾಂಡಿನಿಂದ ಹೊರಡಲೇ ಇಲ್ಲ. ಸುಮೇರಾ ನಿಲ್ಲಿಸಿ, ನೀರು ಕುಡಿದು, ಮತ್ತೆ ಮೊದಲಿನಿಂದ ಶುರು ಮಾಡಿದಳು. ಕಂಡಕ್ಟರ್ ಬಂದ. ಟಿಕೇಟು ಕೈಗೆ ಬಂತು. ಚಿಟಗುಪ್ಪಾ ದಾಟಿತು.

ದ್ರೌಪತಿಯ ಹಣೆಯ ಗಂಟು ಸಡಿಲವಾಯಿತು. ಕಚ್ಚಿಕೊಂಡಿದ್ದ ದವಡೆ ಬಿಟ್ಟಿತು. ಎರಡು ವರ್ಷದಿಂದ ಎತ್ತಿ ಹಿಡಿದಿದ್ದ ಎಡ ಮೊಣಕೈ ಇಷ್ಟಿಷ್ಟೇ ಕೆಳಗಿಳಿದು ಪಕ್ಕೆಗೆ ತಾಗಿ ನಿಂತಿತು. ವೈಜಿನಾಥ ಸ್ಟೂಲಿನಿಂದ ಎದ್ದ. ಸುಮೇರಾ ಮಾತು ನಿಲ್ಲಿಸದೆ, ಕೂರಿ ಎಂದು ಕೈಮಾಡಿದಳು. ಅವನು ಕೂರಲಿಲ್ಲ. ನಿಂತುಕೊಂಡೇ ಹೆಂಡತಿಯ ಮುಖ ನೋಡುತ್ತಿದ್ದ.

ಮುಗಿದ ಮೇಲೆ ದ್ರೌಪತಿ ಏಳು ಬೆರಳು ತೋರಿಸಿ, ಮುಖ ತೊಳೆಯಲು ನಲ್ಲಿಯ ಕಡೆ ಹೋದಳು. ವೈಜಿನಾಥ ಅವಳು ಹೋದತ್ತಲೇ ನೋಡಿದ.

"ಈ ಮಾರಿ ನಾ ಎರಡು ವರ್ಷ ನೋಡಿದ್ದಿಲ್ರಿ," ಎಂದ. "ವಯಸ್ಸಾತು, ಅಕಿ ಮಾರೀನೇ ಹಂಗ ಆಗ್ಯಾದ ಅನ್ಕೊಂಡಿದ್ದೆ."

ಏಳು ಬೆರಳು ಎಂದರೆ ಇನ್ನೂ ಅಷ್ಟು ಇದೆ ಎಂದಲ್ಲವೇ ಎಂದು ಅವನು ಕೇಳಿದ. ಹೌದು ಎಂದಳು ಸುಮೇರಾ. ಪೂರ್ತಿ ಹೋಗುತ್ತದೆಯೇ ಎಂದು ಕೇಳಿದ. ಪೂರ್ತಿ ಹೋಗುತ್ತದೆಂದು ನಾನು ಹೇಳಲಾರೆ ಎಂದಳು. ಈ ಸಲ ಪ್ರತಿ ಮಾತನ್ನೂ ತೂಗಿ ಆಡಿದಳು. ವೈಜಿನಾಥ ತಲೆ ತಗ್ಗಿಸಿದ. ತೊಗರಿ ಕೊಯ್ಯಲು ಕಳಿಸಿದ್ದೆನಲ್ಲ ಎಂದು ತನ್ನಷ್ಟಕ್ಕೇ ಅಂದುಕೊಂಡಂತೆ ಹೇಳಿ, ಟೋಪಿಯಿಂದ ಮುಖ ಒರೆಸಿಕೊಂಡ. ಹೊರಡುವ ಮುಂಚೆ ಮೊಬೈಲು ಮುಂದೆ ಹಿಡಿದು, ಇದರಲ್ಲಿ ಆ ಮಾತೆಲ್ಲ ತುಂಬಿಕೊಡಿ, ಮನೆಯಲ್ಲಿ ಹಚ್ಚಿ ಅವಳಿಗೆ ಕೇಳಿಸುತ್ತೇನೆ ಎಂದ. ಒಡೆದ ದನಿಯಲ್ಲೇ ಸುಮೇರಾ ಮತ್ತೊಮ್ಮೆ ಬಸ್ಸು ಹೊರಡಿಸಿದಳು. ಅವತ್ತು ಅವಳ ಬಸ್ಸು ತಪ್ಪಿತು. ಬಸವಕಲ್ಯಾಣ ಮುಟ್ಟಿದಾಗ ಮೀನಾಜ್ ತಾನೇ ಅಡುಗೆ ಮಾಡಿ ಮುಗಿಸಿದ್ದಳು.

ದ್ರೌಪತಿ ಏಪ್ರಿಲ್‌ವರೆಗೆ ಬಂದಳು. ನೋವು ಹೋಗಲಿಲ್ಲ. ಐದಕ್ಕೆ ಇಳಿಯಿತು, ಒಮ್ಮೊಮ್ಮೆ ನಾಲ್ಕಕ್ಕೆ, ಬಿಸಿಲು ಜೋರಾದಾಗ ಮತ್ತೆ ಏಳಕ್ಕೆ. ಮಲಗಿದರೆ ಮೂರು ನಾಲ್ಕು ತಾಸು ನಿದ್ದೆ ಬರುತ್ತಿದೆ, ಅದೇ ದೊಡ್ಡದು ಎಂದಳು. ಆಮೇಲೆ ಗುಳಿಗೆಗಷ್ಟೇ ಎರಡು ತಿಂಗಳಿಗೊಮ್ಮೆ ಬರತೊಡಗಿದಳು. ಅವಳ ಕುರ್ಚಿಯಲ್ಲಿ ಬೇರೆಯವರು ಕೂರತೊಡಗಿದರು. ಸುಮೇರಾ ಸಮುದ್ರದ ಕಾಗದವನ್ನು ಎತ್ತಿಟ್ಟಿದ್ದಳು. ಪ್ರತಿಯೊಬ್ಬರನ್ನೂ ಮೊದಲು ಕೇಳುವುದು, ಅವರು ಹೇಳಿದಲ್ಲಿಗೇ ಹೋಗುವುದು. ಅದಕ್ಕೆ ಇನ್ನೂ ಹೆಚ್ಚು ಹೊತ್ತು ಹಿಡಿಯುತ್ತಿತ್ತು, ಇನ್ನೂ ಹೆಚ್ಚು ದಣಿವಾಗುತ್ತಿತ್ತು.

ಜೂನಿನ ಒಂದು ಭಾನುವಾರ ಮಧ್ಯಾಹ್ನ ಸುಮೇರಾ ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಕುಳಿತಿದ್ದಾಗ ವೈಜಿನಾಥನ ಫೋನು ಬಂತು. ಮೊಬೈಲು ಎಮ್ಮೆಯ ನೀರಿನ ತೊಟ್ಟಿಯಲ್ಲಿ ಬಿದ್ದು ಹಾಳಾಗಿದೆ, ಇದು ಪಕ್ಕದ ಮನೆಯವರದು, ನಿಮ್ಮ ನಂಬರು ಆಸ್ಪತ್ರೆಯ ಚೀಟಿಯ ಮೇಲಿತ್ತು ಎಂದ. ಮಂಗಳವಾರ ಬಂದರೆ ಮತ್ತೆ ತುಂಬಿಕೊಡುತ್ತೇನೆ ಎಂದಳು ಸುಮೇರಾ.

"ಬ್ಯಾಡ್ರಿ, ಈಗ ನಾನೇ ಹೇಳಾಕತ್ತೇನಿ ಅಕಿಗಿ," ಎಂದ ಅವನು. "ಚಿಟಗುಪ್ಪಾ ತನಕ ಬರ್ತದರಿ. ಮುಂದಿಂದು ಮರ್ತೇನಿ. ನಡುವ ಎಮ್ಮಿ ಮಾತು ತಗದ್ರ ಅಕಿ ಕಣ್ಣ ತಗದುಬಿಡ್ತಾಳ."

ಎಮ್ಮೆಯ ಮಾತು ತೆಗೆಯಬಾರದು, ಮನೆಯದು, ಹೊಲದ್ದು ಯಾವುದೂ ಬರಬಾರದು ಎಂದಳು ಸುಮೇರಾ. ಅವನು ಬರೆದುಕೊಳ್ಳುತ್ತೇನೆ, ತಡೆಯಿರಿ ಎಂದು ಪೆನ್ನು ಹುಡುಕಲು ಹೋದ. ಮೀನಾಜ್ ಒಳಗಿನಿಂದ ಬಂದು ಯಾರದು ಎಂದು ಸನ್ನೆಯಲ್ಲಿ ಕೇಳಿದಳು. ಸುಮೇರಾ ಎಣ್ಣೆಯ ಬಟ್ಟಲನ್ನು ಅವಳ ಕೈಗೆ ಕೊಟ್ಟು, ಗೋಡೆಗೆ ಒರಗಿದಳು. ವೈಜಿನಾಥ ಹ್ಞೂಂ ಹೇಳ್ರಿ ಎಂದಾಗ, ಅವನು ಬರೆದುಕೊಳ್ಳುವಷ್ಟು ನಿಧಾನವಾಗಿ, ಪಕ್ಕದ ಸೀಟು ಖಾಲಿಯಾಗುವಲ್ಲಿಂದ ಹೇಳತೊಡಗಿದಳು.